ಅವ್ವ ತುಳಿದ ಬೆನ್ನು

ಮೂಳೆ ಸವೆಯುವ ಕಾಯಿಲೆ ನನಗಿದೆ ಎಂದರೆ ಜನ ಮೊದಲು ನನ್ನ ಮೀಸೆ ನೋಡುತ್ತಾರೆ. ಅದು ಹೆಂಗಸರಿಗೆ ಬರುವುದಲ್ಲವೇ ಎಂದು ಬಾಯಿಬಿಟ್ಟು ಕೇಳಿದವರೂ ಇದ್ದಾರೆ. ನಾನು ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಬೆನ್ನಿಗೆ ಮೂಟೆ, ಹೆಗಲಿಗೆ ಬಂದೂಕು ಹಾಕಿಕೊಂಡು ಹಿಮದಲ್ಲೂ ಮರಳಲ್ಲೂ ನಡೆದವನು. ಅಂಥವನ ಬೆನ್ನುಮೂಳೆ ಹಪ್ಪಳದಂತೆ ಮುರಿಯಿತು ಎಂದರೆ ನಂಬುವುದು ಕಷ್ಟವೇ. ನಾನೂ ನಂಬಿರಲಿಲ್ಲ. ನನ್ನ ಹಾಗೆ ಪಿಂಚಣಿ ತೆಗೆದುಕೊಂಡು, ಬೆನ್ನುನೋವನ್ನು ನುಂಗಿಕೊಂಡು ಎಲ್ಲಾದರೂ ಒಬ್ಬ ಕೂತಿದ್ದರೆ ಅವನು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಖುಷಿಯ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಮ್ಮೂರು ಬೈರಮಂಗಲ ಕೆರೆಯ ಆಚೆ ಬದಿಗಿದೆ. ನಾನು ಸೈನ್ಯ ಬಿಟ್ಟು ಬರುವ ಹೊತ್ತಿಗೆ ಕೆರೆಯಲ್ಲಿ ನೀರಿಗಿಂತ ನೊರೆ ಜಾಸ್ತಿಯಾಗಿತ್ತು, ಬಿಡದಿಯ ಸುತ್ತ ಹೊಲಗಳಿಗಿಂತ ಕಾಂಪೌಂಡುಗಳು ಜಾಸ್ತಿಯಾಗಿದ್ದವು. ಮಾಜಿ ಸೈನಿಕ ಎಂದರೆ ಸಾಕು, ಕಾರ್ಖಾನೆಯವರು ಕರೆದು ಗೇಟಿನಲ್ಲಿ ನಿಲ್ಲಿಸುತ್ತಿದ್ದ ಕಾಲ ಅದು. ಕಾರಿಗೆ ಬೇಕಾದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಗೇಟಿನಲ್ಲಿ ನಾನೂ ನಿಂತೆ. ಮನೆಯಲ್ಲಿ ಹೆಂಡತಿ ಜಯಮ್ಮ ರೇಷ್ಮೆಹುಳು ಸಾಕುತ್ತಿದ್ದಳು. ಅವ್ವ ಇದ್ದಳು. ಮಗಳನ್ನು ಕನಕಪುರದ ಕಡೆ ಕೊಟ್ಟಾಗಿತ್ತು. ಯಾರಿಗೂ ಕೈ ಚಾಚದ ಬದುಕು.

ಮೊದಲು ಮುರಿದದ್ದು ಮಣಿಕಟ್ಟು. ಹುಳುಮನೆ ತೊಳೆದಿದ್ದರು, ಒದ್ದೆ ನೆಲದಲ್ಲಿ ಕಾಲು ಜಾರಿತು, ಕೈ ಊರಿ ಕೂತೆ. ಅಷ್ಟೇ. ಮಾಗಡಿ ರಸ್ತೆಯಲ್ಲಿ ಮೂಳೆ ಕಟ್ಟುವವರೊಬ್ಬರಿದ್ದರು. ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಮೆತ್ತಿ, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಕೂಡಿಕೊಂಡಿತು. ಸ್ವಲ್ಪ ಸೊಟ್ಟಗೆ ಕೂಡಿತು, ಆದರೆ ಸೆಲ್ಯೂಟ್ ಹೊಡೆಯಲು ಅಡ್ಡಿಯಿರಲಿಲ್ಲ. ನಿಂತ ನಿಲುವಿನಿಂದ ಬಿದ್ದಷ್ಟಕ್ಕೆ ಗಟ್ಟಿ ಮನುಷ್ಯನ ಮೂಳೆ ಯಾಕೆ ಮುರಿಯಬೇಕು ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಇನ್ನು ಅವ್ವನ ವಿಷಯ ಹೇಳಬೇಕು. ಅವ್ವ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ತುಳಿದರೆ ಸೊಂಟದ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ಅವ್ವ ಜನರ ಬೆನ್ನು ತುಳಿದಿದ್ದಾಳೆ. ಬಂದವರು ಜಗುಲಿಯ ಮೇಲೆ ಚಾಪೆ ಹಾಸಿ ಬೋರಲು ಮಲಗಬೇಕು. ಅವ್ವ ಗೋಡೆ ಹಿಡಿದುಕೊಂಡು, ಎಡಗಾಲಿನ ಹಿಮ್ಮಡಿಗೆ ಹರಳೆಣ್ಣೆ ಸವರಿ, ನೋವಿರುವ ಕಡೆ ಊರಿ ತುಳಿಯುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾರ್ಖಾನೆಗಳು ಬಂದ ಮೇಲೆ ಅವ್ವನ ಹತ್ತಿರ ಬರುವವರು ಇನ್ನೂ ಹೆಚ್ಚಿದರು. ಲೋಡು ಎತ್ತುವವರು, ದಿನವಿಡೀ ಮೆಷಿನ್ನಿನ ಮುಂದೆ ಬಗ್ಗಿ ನಿಲ್ಲುವ ಹುಡುಗರು, ಕನ್ನಡ ಬಾರದ ಬಿಹಾರದವರು ಕೂಡ ಭಾನುವಾರ ಬೆಳಿಗ್ಗೆ ನಮ್ಮ ಜಗುಲಿಯ ಮುಂದೆ ಕಾಯುತ್ತಿದ್ದರು. ಅವ್ವನಿಗೆ ಅದೊಂದು ಹೆಮ್ಮೆ. ಮಗ ಹವಾಲ್ದಾರನಾದದ್ದಕ್ಕಿಂತ ದೊಡ್ಡ ಹೆಮ್ಮೆ ಎಂದು ನಾನು ರೇಗಿಸುತ್ತಿದ್ದೆ.

ಒಂದು ದಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಲು ಬಗ್ಗಿದೆ. ಬೆನ್ನಿನ ನಡುವೆ ಏನೋ ಕಳಕ್ಕೆಂದಿತು. ಉಸಿರು ಸಿಕ್ಕಿಕೊಂಡಿತು. ಹೊರೆ ಅಲ್ಲೇ ಬಿಟ್ಟು ಬದುವಿನ ಮೇಲೆ ಕೂತೆ. ಉಳುಕಿರಬೇಕು ಎಂದುಕೊಂಡು ಅದೇ ಬೆನ್ನಿನಲ್ಲಿ ಕೆಲವು ವಾರ ಗೇಟಿನಲ್ಲಿ ನಿಂತೆ. ಸೈನ್ಯದಲ್ಲಿ ನೋವು ಎಂದು ಹೇಳಿಕೊಂಡವನನ್ನು ಕೆಲಸಗಳ್ಳ ಎನ್ನುತ್ತಾರೆ. ಮೆಡಿಕಲ್ ಕೆಟಗರಿ, ಅಂದರೆ ಆರೋಗ್ಯದ ದರ್ಜೆ, ಇಳಿದರೆ ಬಡ್ತಿ ಹೋಯಿತು. ಅಲ್ಲಿ ಕಲಿತದ್ದು ಮೈಗೆ ಹತ್ತಿರುತ್ತದೆ. ಕೊನೆಗೆ ಷೂ ಲೇಸು ಕಟ್ಟಲು ಬಗ್ಗಲಾಗದೆ ಜಯಮ್ಮನನ್ನು ಕರೆದ ದಿನ ಅವ್ವ ನೋಡಿಬಿಟ್ಟಳು.

"ಊರ್ನೋರ್ ಬೆನ್ನೆಲ್ಲಾ ತುಳ್ದು ಕಳುಸ್ತೀನಿ, ನೀನ್ ಯಾಕ್ಲಾ ಹಿಂಗ್ ನುಲ್ಕಂಡು ಓಡಾಡ್ತೀಯ? ಮನಿಕೊ ಬಾ," ಎಂದಳು.

ಮಲಗಿದೆ. ಅವ್ವನ ಭಾರ ಎಷ್ಟು ಮಹಾ, ಒಣಗಿದ ಕಡ್ಡಿಯಂಥ ಮುದುಕಿ. ಮೊದಲ ಸಲ ಊರಿದಾಗ ಹಾಯೆನಿಸಿತು. ಮತ್ತೆ ಊರಿದಳು. ಆಗ ಬಂದ ನೋವನ್ನು ಏನೆಂದು ಬರೆಯಲಿ, ಕಣ್ಣು ಕತ್ತಲಿಟ್ಟಿತು. ಚಾಪೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದೆನೇ ಹೊರತು ಸದ್ದು ಮಾಡಲಿಲ್ಲ. ಅವ್ವ ಕಾಲು ತೆಗೆದಳು. "ಸಾಕು, ಏಳಪ್ಪ," ಎಂದು ಒಳಗೆ ಹೋದಳು. ನನಗೆ ಏಳಲಾಗಲಿಲ್ಲ. ಜಯಮ್ಮ ಬಂದು ಮಗ್ಗುಲಾಗಿಸಿ ಎಬ್ಬಿಸಿದಳು.

ಆಮೇಲೆ ಹಾಸಿಗೆ ಹಿಡಿದೆ. ಕೆಮ್ಮಿದರೆ ನೋವು, ಸೀನಿದರೆ ಪ್ರಾಣ ಹೋದಂತೆ. ಮಾಜಿ ಸೈನಿಕರ ಕ್ಲಿನಿಕ್ಕಿಗೆ ಹೋದೆವು. ಅವರು ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಬರೆದುಕೊಟ್ಟರು. ಹೈವೇ ಅಗಲ ಮಾಡಲು ಅಗೆದುಹಾಕಿದ್ದರು, ಬಸ್ಸಿನಲ್ಲಿ ಕೂರುವುದು ಸಾಧ್ಯವೇ ಇರಲಿಲ್ಲ. ಬಿಡದಿಯಿಂದ ಪ್ಯಾಸೆಂಜರ್ ರೈಲು ಹಿಡಿದೆವು. ಫ್ಯಾಕ್ಟರಿಗೆ, ಗಾರ್ಮೆಂಟ್ಸಿಗೆ ಹೋಗುವವರಿಂದ ತುಂಬಿ ತುಳುಕುತ್ತಿದ್ದ ಬೋಗಿಯಲ್ಲಿ ಯಾರೋ ಒಬ್ಬಳು ಹೆಣ್ಣುಮಗಳು ನನ್ನ ಮುಖ ನೋಡಿ ಎದ್ದು ಜಾಗ ಕೊಟ್ಟಳು. ಹೆಂಗಸು ಎದ್ದು ನಿಂತು ನಾನು ಕೂತದ್ದು ಜೀವಮಾನದಲ್ಲಿ ಅದೇ ಮೊದಲು. ನಾಚಿಕೆಯಾಯಿತು, ಆದರೂ ಕೂತೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಒಬ್ಬ ಲೇಡಿ ಮೇಜರ್. ಮಾತೆಲ್ಲ ಹಿಂದಿಯಲ್ಲಿ.

"ಎಲ್ಲಿಂದ ಬಿದ್ದಿರಿ, ಹವಾಲ್ದಾರ್ ಸಾಬ್?"

"ಬಿದ್ದಿಲ್ಲ ಮೇಡಂ."

"ಗಾಡಿ ಏನಾದರೂ ಗುದ್ದಿತಾ?"

"ಇಲ್ಲ ಮೇಡಂ."

"ಮತ್ತೆ ಎರಡು ಮೂಳೆ ಹೇಗೆ ಮುರಿದವು?"

ಮುರಿದಿದೆ ಎಂದು ನನಗೆ ಗೊತ್ತಾದದ್ದೇ ಆಗ. ಬೆನ್ನುಮೂಳೆ ಮುರಿದರೆ ಮನುಷ್ಯ ನಡೆಯಲಾರ ಎಂದು ನಾನು ತಿಳಿದಿದ್ದೆ. ಕುಸಿದು ಕೂರುವ ಮುರಿತವೂ ಇದೆಯಂತೆ, ಮಳೆಗೆ ನೆನೆದ ಮಣ್ಣುಗೋಡೆ ಕೂರುವ ಹಾಗೆ. ಒಂದು ಮೂಳೆ ಮೊದಲು ಮುರಿದದ್ದು, ಇನ್ನೊಂದು ಈಚಿನದು ಎಂದರು. ಎತ್ತರ ಅಳೆದರು. ಸೈನ್ಯಕ್ಕೆ ಭರ್ತಿಯಾದಾಗ ಇದ್ದದ್ದಕ್ಕಿಂತ ಮೂರು ಬೆರಳು ಕಮ್ಮಿ. ಅಳೆಯುವ ಕಡ್ಡಿ ಸರಿಯಿಲ್ಲವೇನೋ ಎಂದೆ. ಅವರು ನಗಲಿಲ್ಲ.

ಆಮೇಲೆ, ಮೂಳೆ ಇಷ್ಟು ಸವೆದದ್ದು ಯಾಕೆ ಎಂದು ಪ್ರಶ್ನೆಗಳು. ಉಬ್ಬಸ ಇದೆಯಾ, ಬೀಡಿ ಸಿಗರೇಟು, ರಮ್ಮು ಎಷ್ಟು? ನಾನು ಯಾವಾಗಲೋ ಒಮ್ಮೊಮ್ಮೆ ಎಂದೆ. ಜಯಮ್ಮನಿಗೆ ಹಿಂದಿ ಬಾರದು, ರಮ್ಮು ಎಂಬ ಮಾತು ಮಾತ್ರ ಸರಿಯಾಗಿ ಕೇಳಿಸಿತು. "ದಿನಾ ಅಂತ ಹೇಳಿ," ಎಂದು ತಿವಿದಳು. ಮನೆಯಲ್ಲಿ ಯಾರಿಗಾದರೂ ಬೆನ್ನು ಬಾಗಿದೆಯಾ ಎಂದು ಕೇಳಿದರು. ಇಲ್ಲ ಎಂದೆ.

ನೋವು ಹೆಚ್ಚಾದದ್ದು ಯಾವಾಗ ಎಂದು ಡಾಕ್ಟರು ಮತ್ತೆ ಕೇಳಿದರು. ನಾನು ಅದೂ ಇದೂ ಹೇಳುತ್ತಿದ್ದೆ. ಏನು ಕೇಳುತ್ತಿದ್ದಾರೆ ಎಂದು ಜಯಮ್ಮ ತಿವಿದಾಗ ಹೇಳಿದೆ, ಅವಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಸೀರೆ ಒಸಿ ಎತ್ತಿ ಹಿಡಿದು, ಎಡಗಾಲನ್ನು ಆಸ್ಪತ್ರೆಯ ನೆಲದ ಮೇಲೆ ಧಪ್ಪೆಂದು ಊರಿ ತೋರಿಸಿದಳು. "ನಮ್ಮತ್ತೆ ಹಿಂಗೆ ತುಳುದ್ರು ಮೇಡಂ. ಅವತ್ತಿಂದ್ಲೇ ಜಾಸ್ತಿ ಆಗಿದ್ದು."

ಡಾಕ್ಟರ ಮುಖ ನೋಡಿದೆ. ಭಾಷೆ ಬೇಕಾಗಿರಲಿಲ್ಲ, ಅವರಿಗೆ ತಿಳಿದಿತ್ತು. ಆದರೂ ನನ್ನ ಕಡೆ ತಿರುಗಿ, ಇವರು ಏನೆಂದರು ಎಂದು ಕೇಳಿದರು. ಅವ್ವ ನನ್ನ ಬೆನ್ನು ತುಳಿದಳು ಎಂದು ನನ್ನ ಬಾಯಿಂದಲೇ ಹಿಂದಿಯಲ್ಲಿ ಹೇಳಬೇಕಾಯಿತು. ಡಾಕ್ಟರು ಬೈಯಲಿಲ್ಲ. ಎರಡನೇ ಮೂಳೆ ಹೋದದ್ದು ಆಗಲೇ ಇರಬಹುದು, ಮೊದಲನೆಯದು ಇನ್ನಷ್ಟು ಕುಸಿದಿರಬಹುದು ಎಂದಷ್ಟೇ ಹೇಳಿದರು. ಇನ್ನು ಯಾರೂ ತುಳಿಯಬಾರದು, ನಿಮ್ಮನ್ನಷ್ಟೇ ಅಲ್ಲ, ಬೆನ್ನುನೋವು ಎಂದು ಬರುವ ಯಾರನ್ನೂ ಎಂದರು.

ಮೂಳೆಯ ಸಾಂದ್ರತೆ ನೋಡುವ ಮೆಷಿನ್ನಿನ ಕೋಣೆಯ ಮುಂದೆ ಬೆಂಚುಗಳ ತುಂಬ ಹೆಂಗಸರು. ಅಧಿಕಾರಿಗಳ ತಾಯಂದಿರು, ಹೆಂಡತಿಯರು, ಸ್ವೆಟರ್ ಹೆಣೆಯುತ್ತ ಕೂತಿದ್ದ ಒಬ್ಬ ಪಂಜಾಬಿ ಅಜ್ಜಿ. ಬಾಗಿಲಿಗೆ ಬಂದವನು ಚೀಟಿಯ ಹೆಸರು ನೋಡದೆ ಜಯಮ್ಮನಿಗೆ ಒಳಗೆ ಬನ್ನಿ ಎಂದ. ಅವಳು ನನ್ನ ಕಡೆ ಬೆರಳು ತೋರಿಸಿದಳು. ಅಷ್ಟೂ ಹೆಂಗಸರು ತಲೆಯೆತ್ತಿ ನೋಡಿದರು. ಶತ್ರುವಿನ ಮುಂದೆ ಎದ್ದು ನಿಲ್ಲುವುದು ಅದಕ್ಕಿಂತ ಸಲೀಸು. ಪಂಜಾಬಿ ಅಜ್ಜಿ ಮಾತ್ರ, ಹೋಗು ಮಗನೇ, ಅದರಲ್ಲಿ ನೋವಾಗುವುದಿಲ್ಲ ಎಂದಳು. ಆ ಅಜ್ಜಿಯನ್ನು ಈಗಲೂ ನೆನೆಯುತ್ತೇನೆ.

ಸಂಜೆಯ ರೈಲಿನಲ್ಲಿ ಕಿಟಕಿಯ ಪಕ್ಕ ಕೂತೆವು. ಕೆಂಗೇರಿ ದಾಟಿತು.

"ಅವ್ವಂಗೆ ಗೊತ್ತಾಗ್ಬಾರ್ದು," ಎಂದೆ.

"ನಾನ್ಯಾಕ್ ಹೇಳಾನ? ಕೇಳುದ್ರೆ ಎದೆ ಒಡ್ಕಂಡ್ ಸತ್ತೋಯ್ತಾರೆ," ಎಂದಳು ಜಯಮ್ಮ. ಆಮೇಲೆ, "ಏನ್ ಹೇಳಣ ಮತ್ತೆ?" ಎಂದಳು.

"ಗೇಟ್ನಾಗೆ ಬಿದ್ದೆ ಅನ್ನಣ."

ಈ ಕಾಯಿಲೆಯಲ್ಲಿ ನನಗೆ ನಿಜವಾಗಿ ಭಯವಿದ್ದದ್ದು ಅದೊಂದರದೇ. ಬೆನ್ನು ಹೋದರೆ ಹೋಗಲಿ, ಬಾಗಿದರೆ ಬಾಗಲಿ. ಊರಿಗೆಲ್ಲ ಬೆನ್ನು ಸರಿಮಾಡಿದ ಕಾಲು ಹೆತ್ತ ಮಗನ ಬೆನ್ನು ಮುರಿಯಿತು ಎಂದು ಆ ಜೀವಕ್ಕೆ ತಿಳಿಯಬಾರದು. ತಿಳಿದರೆ ಅವಳು ಅನ್ನ ಮುಟ್ಟುವುದಿಲ್ಲ, ಅದು ನನಗೆ ಗೊತ್ತಿತ್ತು.

ಮನೆಗೆ ಬಂದು ಸುಳ್ಳು ಹೇಳಿದೆವು. ಅವ್ವ ಕೇಳಿಸಿಕೊಂಡಳು. "ಹೂಂ," ಎಂದಳು. ಒಲೆಯ ಮುಂದೆ ಹೋಗಿ ಕೂತಳು.

ಚಿಕಿತ್ಸೆ ಎಂದರೆ ದೊಡ್ಡ ಆಪರೇಷನ್ನೇನೂ ಅಲ್ಲ. ಸೊಂಟದಿಂದ ಎದೆಯವರೆಗೆ ಬಿಗಿಯುವ ಬೆಲ್ಟು, ದಿನಾ ಕ್ಯಾಲ್ಸಿಯಂ, ವಾರಕ್ಕೊಂದು ಮಾತ್ರೆ. ಆ ವಾರದ ಮಾತ್ರೆಯದೊಂದು ಜಬರ್ದಸ್ತು. ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಬಗ್ಗುವಂತಿಲ್ಲ, ಕಾಫಿ ಕುಡಿಯುವಂತಿಲ್ಲ. ಇಲ್ಲದಿದ್ದರೆ ಅನ್ನನಾಳ ಸುಡುತ್ತದಂತೆ. ಜಗುಲಿಯ ಮೇಲೆ ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ಕೂರುತ್ತಿದ್ದೆ. ಒಳಗಿಂದ ಕಾಫಿಯ ವಾಸನೆ ಬರುತ್ತಿರುತ್ತಿತ್ತು. ಸೈನ್ಯದ ಪನಿಶ್‌ಮೆಂಟೇ ವಾಸಿ.

ಭಾರ ಎತ್ತಬಾರದು ಎಂದರು. ಒಂದು ಕೊಡ ನೀರು, ಒಂದು ಹೊರೆ ಸೊಪ್ಪು, ಏನೂ ಇಲ್ಲ. ಜಯಮ್ಮ ಸೊಪ್ಪು ಹೊರುವುದನ್ನು ನೋಡುತ್ತ ಕೂರಬೇಕು. ನೋಡಲಾಗದೆ ನಾನು ಒಳಗೆ ಹೋಗುತ್ತಿದ್ದೆ. ಎಂಟು ಗಂಟೆ ನಿಲ್ಲಲಾರದವನನ್ನು ಗೇಟಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಸೂಪರ್‌ವೈಸರು ಒಳ್ಳೆಯ ಮಾತಲ್ಲೇ ಮನೆಗೆ ಕಳಿಸಿದ. ಯೂನಿಫಾರ್ಮು ವಾಪಸು ಕೊಟ್ಟು ಬಂದ ದಿನ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದರೆ ಹೋಗಲು ಜಾಗವಿಲ್ಲದ ಗಂಡಸಿಗೆ ಒಂದು ತಳಮಳ ಇರುತ್ತದೆ, ಅದಕ್ಕೆ ಮಾತ್ರೆ ಇಲ್ಲ. ಜೊತೆಗೆ ಭಯ. ಬಚ್ಚಲಲ್ಲಿ ಜಾರಿದರೆ? ನಾಯಿ ಅಡ್ಡ ಬಂದರೆ? ಗುಂಡಿಗೆ ಹೆದರದವನು ಸೀನಿಗೆ ಹೆದರಿಕೊಂಡು, ಮೂಗು ಒತ್ತಿ ಹಿಡಿದು ಕೂರುತ್ತಿದ್ದೆ.

ಕೆಲಸ ಹೋದ ಮೇಲೆ ನನ್ನ ಮನೆಯ ಬಾಗಿಲಿಗೇ ನಾನು ಗಾರ್ಡಾದೆ. ಭಾನುವಾರ ಬೆಳಿಗ್ಗೆ ಅವ್ವ ಏಳುವ ಮೊದಲೇ ಬೀದಿ ತಿರುವಿನ ಕಲ್ಲಿನ ಮೇಲೆ ಹೋಗಿ ಕೂತು, ಬೆನ್ನು ಹಿಡಿದುಕೊಂಡು ಬರುವವರನ್ನು ಅಲ್ಲಿಂದಲೇ ವಾಪಸು ಕಳಿಸುತ್ತಿದ್ದೆ. ಅವ್ವನ ಕಾಲಿಗೆ ವಾಯು ಹಿಡಿದಿದೆ, ಇನ್ನು ತುಳಿಯುವುದಿಲ್ಲ ಎನ್ನುತ್ತಿದ್ದೆ. ಮಾಗಡಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಒಬ್ಬ ಮುದುಕಿ ಬಿಲ್ಕುಲ್ ಒಪ್ಪಲಿಲ್ಲ.

"ಒಸಿ ಕಾಲ್ ತಾಗ್ಸುದ್ರೆ ಸಾಕು ಅಂತ ಹೇಳಪ್ಪ ನಿಮ್ಮವ್ವಂಗೆ. ಅಷ್ಟ್ ದೂರದಿಂದ ಬಂದಿವ್ನಿ."

"ಆಗಕಿಲ್ಲ ಕಣಮ್ಮ. ಆಸ್ಪತ್ರೆಗೆ ಹೋಗಿ ಫೋಟೊ ತೆಗುಸ್ಕೊ. ಮೂಳೆ ಸವೆದಿರ್ತದೆ."

"ನಿಂಗೇನ್ ಗೊತ್ತು, ನೆಟ್ಟಗ್ ಕುಂತಿದ್ದೀಯ," ಎಂದು ಬೈದುಕೊಂಡು ಹೋದಳು. ಅಂಗಿಯ ಒಳಗೆ ಬೆಲ್ಟು ಇದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಅವ್ವ ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಉಪಾಯ ಫಲಿಸಿತು ಎಂದು ಸಮಾಧಾನಪಟ್ಟುಕೊಂಡೆ. ಆದರೆ ಅವ್ವ ಸೊರಗುತ್ತಿದ್ದಳು. ನನ್ನ ಎದುರಿಗೆ ಕಾಲು ಚಾಚಿ ಕೂರುವುದನ್ನೇ ಬಿಟ್ಟಿದ್ದಳು. ಕೂತರೆ ಸೀರೆಯೊಳಗೆ ಕಾಲು ಮಡಚಿಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ವಯಸ್ಸಾಯಿತಲ್ಲ ಎಂದುಕೊಂಡೆ.

ಒಂದು ಬೆಳಿಗ್ಗೆ ಮಾತ್ರೆ ನುಂಗಿ ಜಗುಲಿಯಲ್ಲಿ ನೆಟ್ಟಗೆ ಕೂತಿದ್ದೆ. ಅವ್ವ ಅಂಗಳ ಗುಡಿಸುತ್ತಿದ್ದಳು. ಅರ್ಧ ಗಂಟೆ ಬೇರೇನೂ ಕೆಲಸವಿಲ್ಲವಾದ್ದರಿಂದ ಅವಳನ್ನೇ ನೋಡುತ್ತಿದ್ದೆ. ಪೊರಕೆ ಗೋಡೆಗೆ ಒರಗಿಸಿ ನಿಂತ ಮೇಲೂ ಅವ್ವನ ಮುಖ ನೆಲಕ್ಕೇ ಇತ್ತು. ನಾನು ಚಿಕ್ಕವನಿದ್ದಾಗ ಅಟ್ಟದ ಮೇಲಿನ ಮಡಕೆಯನ್ನು ನಿಂತಲ್ಲಿಂದಲೇ ಇಳಿಸುತ್ತಿದ್ದ ಹೆಂಗಸು. ಈಗ ಜಗುಲಿಯ ಮೇಲೆ ಕೂತ ನನ್ನ ಮುಖ ನೋಡಬೇಕಾದರೂ ಕತ್ತು ವಾರೆ ಮಾಡುತ್ತಿದ್ದಳು. ಮನೆಯಲ್ಲಿ ಯಾರಿಗಾದರೂ ಬೆನ್ನು ಬಾಗಿದೆಯಾ ಎಂದು ಡಾಕ್ಟರು ಕೇಳಿದಾಗ ನಾನು ಇಲ್ಲ ಎಂದದ್ದು ಬೇಕೆಂದೇ ಹೇಳಿದ ಸುಳ್ಳಲ್ಲ. ನಮ್ಮಲ್ಲಿ ಮುದುಕಿಯರ ಬೆನ್ನು ಬಾಗುವುದು ಕೂದಲು ನೆರೆತಷ್ಟೇ ಸಹಜ. ಅದನ್ನು ಕಾಯಿಲೆ ಎಂದು ಎಣಿಸಿದವರೇ ಇಲ್ಲ. ಅವ್ವನ ಬೆನ್ನಿನ ಮೂಳೆಗಳು ಎಷ್ಟು ಸಲ ಕುಸಿದವೋ, ಯಾವ ಯಾವ ಕೊಡ ಎತ್ತುವಾಗ ಕುಸಿದವೋ, ಅವಳು ಯಾರಿಗೂ ಹೇಳದೆ ಎದ್ದು ಹೋಗಿ ಮುದ್ದೆ ತಿರುವಿದಳೋ.

ಮುಂದಿನ ಸಲ ಹೋದಾಗ ಡಾಕ್ಟರಿಗೆ ಹೇಳಿದೆ. ಕರೆದುಕೊಂಡು ಬನ್ನಿ ಎಂದರು.

ಅವ್ವ ಈಗ ಇಲ್ಲ. ಮಾತ್ರೆ ತುಂಬ ತಡವಾಗಿ ಶುರುವಾಯಿತು, ಬಾಗಿದ ಬೆನ್ನು ನೆಟ್ಟಗಾಗಲೂ ಇಲ್ಲ. ನನ್ನ ಬೆನ್ನೂ ಮೊದಲಿನಂತಾಗುವುದಿಲ್ಲ. ಇನ್ನೊಂದು ಮೂಳೆ ಮುರಿಯದಿದ್ದರೆ ಅದೇ ಲಾಭ ಎಂದು ಡಾಕ್ಟರು ಹೇಳುತ್ತಾರೆ. ಈವರೆಗೆ ಮುರಿದಿಲ್ಲ. ಆದರೆ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದ ಆ ದಿನವನ್ನು ಹೇಳದಿದ್ದರೆ ಇಷ್ಟು ಬರೆದೂ ಏನೂ ಬರೆದಂತಾಗುವುದಿಲ್ಲ.

ಅವ್ವ ರೈಲಿನಲ್ಲಿ ಬರಲು ತಕರಾರು ಮಾಡಲಿಲ್ಲ. ಅದೇ ಆಶ್ಚರ್ಯ. ಅದೇ ಮೆಷಿನ್ನಿನ ಕೋಣೆಯ ಮುಂದೆ, ಅದೇ ಬೆಂಚಿನ ಮೇಲೆ ಇಬ್ಬರೂ ಕೂತೆವು. ಜಯಮ್ಮ ಕಾಫಿ ತರಲು ಹೋಗಿದ್ದಳು. ಅವ್ವ ನೆಲ ನೋಡುತ್ತಲೇ ಕೇಳಿದಳು.

"ಯಾವ್ದು ಮುರುದಿದ್ದು?"

"ಏನವ್ವ?"

"ನಿನ್ ಬೆನ್ನಾಗೆ. ಯಾವ್ ಮೂಳೆ?"

"ಗೇಟ್ನಾಗೆ ಬಿದ್ದಿದ್ದಲ್ವಾ ಅವ್ವ, ಅವತ್ತೇ ಹೇಳಿದ್ನಲ್ಲ..."

"ಸುಮ್ಕಿರ್ಲಾ. ನನ್ ಹಿಮ್ಮಡಿ ಅಡೀಲಿ ಲಟಕ್ಕಂತು. ಉಳುಕು ಬುಡೋದೇ ಒಂದ್ ತರ, ಮುರಿಯೋದೇ ಒಂದ್ ತರ. ಇಷ್ಟ್ ವರ್ಸ ತುಳುದಿವ್ನಿ, ನಂಗೆ ಗೊತ್ತಾಗಕಿಲ್ವಾ?"

ಬೀದಿ ತಿರುವಿನಲ್ಲಿ ನಾನು ಕಾದು ಕೂತದ್ದು, ಹೇಳಿದ ಸುಳ್ಳುಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಗೊತ್ತಿದ್ರೆ ಯಾಕವ್ವ ಕೇಳ್ನಿಲ್ಲ?"

"ನೀನ್ ಮುಚ್ಚಿಕ್ತಿದ್ದೆ. ಮುಚ್ಚಿಕ್ಕದ್ರಾಗೆ ನಿಂಗೆ ಒಸಿ ನೆಮ್ಮದಿ ಇರ್ಬೋದು ಅಂತ ಸುಮ್ಕಿದ್ದೆ." ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗೆ ಒಂದಿನಾನೂ ನಿದ್ದೆ ಬರ್ನಿಲ್ಲ ಕಣಪ್ಪ. ತೋರ್ಸು, ಯಾವ್ದು?"

ಸುತ್ತ ಹೆಂಗಸರು ಕೂತಿದ್ದರು. ನಾನು ಅಂಗಿ ಎತ್ತಿ, ಬೆಲ್ಟು ಸಡಿಲಿಸಿ, ಅವ್ವನ ಕೈ ಹಿಡಿದು ಬೆನ್ನಿನ ಆ ಜಾಗಕ್ಕೆ ಇಟ್ಟೆ. ಅವಳ ಬೆರಳು ಮೂಳೆಯ ಮೇಲೆ ಮೆಲ್ಲಗೆ ಇಳಿದು, ಕುಸಿದ ಕಡೆ ನಿಂತಿತು.

"ನೋಯ್ತದಾ?"

"ಇಲ್ಲ," ಎಂದೆ.

"ದಿಟ ಹೇಳ್ಲಾ. ನಾನ್ ನಿಮ್ಮವ್ವ, ಆಫೀಸರ್ ಅಲ್ಲ."

"ನೋಯ್ತದೆ ಕಣವ್ವ," ಎಂದೆ. "ದಿನಾ ನೋಯ್ತದೆ. ತುಂಬಾ ನೋಯ್ತದೆ."

ಒಳಗಿಂದ ಅವ್ವನ ಹೆಸರು ಕೂಗಿದರು. ಅವ್ವ ಕೈ ತೆಗೆಯಲಿಲ್ಲ. ಇನ್ನೊಂದು ಸಲ ಕೂಗಿದರು. ನಾವಿಬ್ಬರೂ ಏಳಲಿಲ್ಲ.